ಖೀಮಾ-ತರಕಾರಿ ಸ್ಟ್ಯೂ ನೀರು ನೀರಾಗುತ್ತಿದೆ, ಮಾಡಿ ಗೊತ್ತಿರುವವರು ಹೇಳಿ

ಕೇಳಿದವರು, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ಮಗಳು ಹೈದರಾಬಾದಿನಲ್ಲಿ ಓದುತ್ತಾಳೆ. ಅಲ್ಲಿ ಗೆಳತಿಯ ಮನೆಯಲ್ಲಿ ಅಮೆರಿಕದ ಕಡೆಯ ಬೀಫ್ ಸ್ಟ್ಯೂ ತಿಂದು ಬಂದಿದ್ದಾಳೆ. ತುಂಡು ಮಾಂಸದ್ದಲ್ಲ, ಖೀಮಾದ್ದು. ಆಲೂ, ಗಜ್ಜರಿ, ಬೀನ್ಸ್, ಬಟಾಣಿ, ಟೊಮೆಟೊ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದು. ಒಂದು ಬಟ್ಟಲು ತಿಂದರೆ ಮತ್ತೇನೂ ಬೇಡ ಅನ್ನುವಷ್ಟು ಗಟ್ಟಿ ಊಟವಂತೆ. ರಜೆಗೆ ಬಂದರೆ ಅದನ್ನೇ ಮಾಡು ಅಂತಾಳೆ.

ನಾನು ಮಾಡಿದರೆ ಖೀಮಾ ಗಂಟು ಕಟ್ಟಿ ತಳದಲ್ಲಿ ಕೂರುತ್ತದೆ, ಮೇಲೆ ಬರೀ ನೀರು. ಆಲೂ, ಗಜ್ಜರಿ ಎಷ್ಟು ಕುದಿಸಿದರೂ ಗಟ್ಟಿ. ಅದೇ ಹೀರೆಕಾಯಿ ಹಾಕಿದರೆ ಹೆಸರಿಗೂ ಉಳಿಯುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕಿ ಕುದಿಸುತ್ತೇನೆ, ಟೊಮೆಟೊ ಸಮೇತ. ಯಾವ ಖೀಮಾ ತರಬೇಕು, ಸಾರು ಗಟ್ಟಿ ಹೇಗೆ ಮಾಡಬೇಕು ಹೇಳಿ. ಇನ್ನೊಂದು, ನಮ್ಮ ಮನೆಯವರಿಗೆ ರೊಟ್ಟಿ ಇಲ್ಲದಿದ್ದರೆ ಊಟವೇ ಅಲ್ಲ. ಜೋಳದ ರೊಟ್ಟಿ ಜೊತೆ ಹೊಂದುವ ಹಾಗೆ ಮಾಡಬಹುದಾ?

ಕಲಬುರಗಿಯ ರೋಜಾ ಬಡಾವಣೆ ಕಡೆಯಿಂದ ಒಬ್ಬರು:
ಅಕ್ಕಾ, ಮೊದಲು ಮಾಂಸದ ಮಾತು. ಅಮೆರಿಕದವರು ಬೀಫ್ ಅನ್ನುವುದು ಹಸು-ಎತ್ತಿನ ಮಾಂಸಕ್ಕೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಅದನ್ನು ಕಡಿಯುವ ಹಾಗಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ, ಅದೂ ಪ್ರಮಾಣಪತ್ರ ಇದ್ದರೆ. ಹಾಗಾಗಿ ಇಲ್ಲಿ ‘ಬಡೇ ಕಾ’ ಅಂದರೆ ಎಮ್ಮೆ ಮಾಂಸ ಅಂತಲೇ ತಿಳಿಯಿರಿ. ಬೇಡ ಅನ್ನುವವರು ಕುರಿ, ಆಡಿನ ಖೀಮಾದಲ್ಲಿ ಮಾಡಿ. ವಿಧಾನ ಒಂದೇ.

ವ್ಯತ್ಯಾಸ ಕೊಬ್ಬಿನಲ್ಲಿ. ಎಮ್ಮೆ ಮಾಂಸದಲ್ಲಿ ಕೊಬ್ಬು ಕಡಿಮೆ. ಬರೀ ತೊಡೆಯ ಭಾಗ ಅರೆಸಿದರೆ ಸ್ಟ್ಯೂನಲ್ಲಿ ಒಣ ಒಣ ಅನಿಸುತ್ತದೆ. ಹೆಗಲು ಅಥವಾ ಕುತ್ತಿಗೆಯ ಭಾಗ ಕೇಳಿ, ಸ್ವಲ್ಪ ಚರಬಿ ಸೇರಿಸಿ ಅರೆಯಲು ಹೇಳಿ. ಕುರಿದಾದರೆ ಉಲ್ಟಾ, ಚರಬಿ ತೆಗೆಸಬೇಕು, ಇಲ್ಲಾಂದ್ರೆ ಮೇಲೆ ಎಣ್ಣೆ ತೇಲುತ್ತದೆ.

ಮತ್ತೆ, ಕಬಾಬಿಗೆ ಅರೆಯುವ ಹಾಗೆ ನುಣ್ಣಗೆ ಬೇಡ. ಒಂದೇ ಸಲ ಮಷೀನಿಗೆ ಹಾಕಿಸಿ, ದಪ್ಪ ಇರಲಿ. ನುಣ್ಣಗಿದ್ದಷ್ಟೂ ಗಂಟು ಜಾಸ್ತಿ. ತುಂಡು ಇದ್ದಾಗಲೇ ತೊಳೆದು, ನೀರು ಬಸಿದು, ಆಮೇಲೆ ಅರೆಸಿ. ಖೀಮಾ ಆದ ಮೇಲೆ ತೊಳೆದರೆ ರುಚಿಯೂ ಹೋಗುತ್ತದೆ, ನೀರೂ ಒಳಗೆ ಸೇರುತ್ತದೆ. ನಿಮ್ಮ ಸ್ಟ್ಯೂ ನೀರಾಗಲು ಅರ್ಧ ಕಾರಣ ಅದೇ ಇರಬಹುದು. ಎದುರಿಗೇ ಅರೆಸಿಕೊಳ್ಳಿ. ಮೊದಲೇ ಅರೆದು ತಟ್ಟೆಯಲ್ಲಿ ಇಟ್ಟಿದ್ದನ್ನು ನಾನಂತೂ ತರುವುದಿಲ್ಲ.

ಬೀದರ್‌ನಿಂದ ಒಬ್ಬರು:
ನಮ್ಮಲ್ಲಿ ಡಿಸೆಂಬರ್ ಚಳಿಗೆ ಇದು ಪಕ್ಕಾ. ಕ್ರಿಸ್‌ಮಸ್ ಮುಂದಿನ ವಾರ ಮನೆ ತುಂಬ ಜನ, ಬಿರಿಯಾನಿ ತಿಂದು ತಿಂದು ಸಾಕಾಗಿರುತ್ತದೆ. ಆಗ ಒಂದು ದೊಡ್ಡ ಬೋಗಾಣಿ ಸ್ಟ್ಯೂ.

ಅಕ್ಕೋರೆ, ಗಂಟಿಗೆ ಕಾರಣ ಖೀಮಾ ನೀರಿಗೆ ಹಾಕುವುದು. ಮೊದಲು ಒಣಗೆ ಹುರಿಯಬೇಕು. ಅಗಲ ಬುಡದ, ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ಚೆನ್ನಾಗಿ ಕಾಯಿಸಿ, ಎರಡು ಚಮಚ ಎಣ್ಣೆ, ಮೇಲೆ ಖೀಮಾವನ್ನು ತೆಳುವಾಗಿ ಹರಡಿ. ಕೂಡಲೇ ಕೈಯಾಡಿಸಬೇಡಿ. ಎರಡು ಮೂರು ನಿಮಿಷ ಸುಮ್ನೆ ಬಿಡಿ. ತಳ ಕೆಂಪಾದ ಮೇಲೆ ತಿರುವಿ, ಕಟ್ಟಿಗೆ ಸೌಟಿನಿಂದ ಒಡೆಯುತ್ತಾ ಹೋಗಿ. ಖೀಮಾ ನೀರು ಬಿಡುತ್ತದೆ, ಹೆದರಬೇಡಿ. ಉರಿ ಜೋರಾಗಿಯೇ ಇಡಿ, ನೀರು ಇಂಗಿ ಚಟಪಟ ಶಬ್ದ ಬರುವವರೆಗೆ. ಆ ಶಬ್ದ ಬಂದ ಮೇಲೆಯೇ ನಿಜವಾದ ಹುರಿತ ಶುರು. ಅರ್ಧ ಕೆಜಿ ಮೇಲಿದ್ದರೆ ಎರಡು ಸರ್ತಿ ಮಾಡಿ ಹುರಿಯಿರಿ. ಒಟ್ಟಿಗೆ ಸುರಿದರೆ ಅದರ ನೀರಿನಲ್ಲೇ ಅದು ಬೇಯುತ್ತದೆ, ಬೂದು ಬಣ್ಣ ಬರುತ್ತದೆ.

ಉಪ್ಪು ಹುರಿದ ಮೇಲೆ ಹಾಕಿ. ಹಸಿ ಖೀಮಾಕ್ಕೆ ಉಪ್ಪು ಕಲಸಿ ಇಟ್ಟರೆ ಅಂಟು ಬಂದು ಹಿಡಿದುಕೊಳ್ಳುತ್ತದೆ. ಕಬಾಬಿಗೆ ಅದು ಬೇಕು, ಇಲ್ಲಿ ಬೇಡ.

ಹುರಿದ ಖೀಮಾ ತೆಗೆದಿಟ್ಟು ಅದೇ ಪಾತ್ರೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹುರಿಯಿರಿ. ತಳದಲ್ಲಿ ಕಂದು ಪದರ ಹಿಡಿದಿರುತ್ತದೆ. ಅರ್ಧ ಲೋಟ ಬಿಸಿ ನೀರು ಹಾಕಿ ಕೆರೆಯಿರಿ. ಆ ಕಂದು ಬಣ್ಣದಲ್ಲೇ ಸ್ಟ್ಯೂ ರುಚಿ ಎಲ್ಲ ಇರುವುದು. ಅದನ್ನು ತೊಳೆದು ಚೆಲ್ಲುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಇನ್ನು ಆಲೂ ಗಟ್ಟಿ ಇರುವುದಕ್ಕೆ ಟೊಮೆಟೊ ಕಾರಣ. ಹುಳಿ ಇದ್ದರೆ ತರಕಾರಿಯ ನಾರು ಬೇಗ ಮೆತ್ತಗಾಗುವುದಿಲ್ಲ. ಆಲೂ, ಗಜ್ಜರಿ ಮುಕ್ಕಾಲು ಬೆಂದ ಮೇಲೆ ಟೊಮೆಟೊ ಹಾಕಿ. ಇದೊಂದು ಬದಲಾಯಿಸಿದರೂ ಸಾಕು, ನಿಮ್ಮ ಅರ್ಧ ತೊಂದರೆ ಹೋಗುತ್ತದೆ.

ಕೇಳಿದವರು:
ಅಯ್ಯೋ, ಹುಣಸೆಹುಳಿ ಹಾಕಿದರೆ ಬೇಳೆ ಬೇಯಲ್ಲ ಅಂತ ಗೊತ್ತು, ಟೊಮೆಟೊ ವಿಷಯ ಹೊಳೆಯಲೇ ಇಲ್ಲ. ಅಳತೆ ಯಾರಾದರೂ ಹೇಳಿ. ಕುಕ್ಕರ್ ನಡೆಯುತ್ತದಾ?

ಸೇಡಂ ರಸ್ತೆ, ಮೆಸ್ ನಡೆಸುವವರು:
ಐದು ಜನರಿಗೆ ಹೇಳುತ್ತೇನೆ. ಖೀಮಾ ಅರ್ಧ ಕೆಜಿ. ಉಳ್ಳಾಗಡ್ಡಿ ದೊಡ್ಡವು ಎರಡು. ಆಲೂ ಕಾಲು ಕೆಜಿ, ಗಜ್ಜರಿ ಎರಡು, ಬೀನ್ಸ್ ಒಂದು ಹಿಡಿ, ಬಟಾಣಿ ಒಂದು ಹಿಡಿ, ಟೊಮೆಟೊ ಮೂರು. ನೀರು ಒಂದು ಲೀಟರ್, ಅದೂ ಬಿಸಿ ನೀರು. ಆಲೂ ಹೋಳು ಗಜ್ಜರಿಗಿಂತ ಸ್ವಲ್ಪ ದೊಡ್ಡದಿರಲಿ, ಗಜ್ಜರಿ ನಿಧಾನ ಬೇಯುತ್ತದೆ.

ಕುಕ್ಕರ್ ನಡೆಯುತ್ತದೆ, ಆದರೆ ಬೇಕಿಲ್ಲ. ತುಂಡು ಮಾಂಸಕ್ಕೆ ಎರಡು ತಾಸು ಬೇಕಾಗುತ್ತದೆ, ಅಲ್ಲಿ ಕುಕ್ಕರ್ ಸರಿ. ಖೀಮಾ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 35-40 ನಿಮಿಷಕ್ಕೆ ಆಗುತ್ತದೆ. ಅಮೆರಿಕದವರು ಕೆಲಸದ ದಿನ ಖೀಮಾದಲ್ಲಿ ಸ್ಟ್ಯೂ ಮಾಡುವುದೇ ಅದಕ್ಕೆ, ಬೇಗ ಆಗುತ್ತದೆ, ಖರ್ಚು ಕಡಿಮೆ. ಕುಕ್ಕರಿನಲ್ಲೇ ಮಾಡುತ್ತೀರಿ ಅಂದರೆ ಖೀಮಾ, ಆಲೂ, ಗಜ್ಜರಿ ಮಾತ್ರ ಹಾಕಿ ಒಂದೇ ಸೀಟಿ. ಉಳಿದಿದ್ದು ಮುಚ್ಚಳ ತೆಗೆದ ಮೇಲೆ.

ಹೀರೆಕಾಯಿ ದಯವಿಟ್ಟು ಬಿಡಿ. ಬೇಕೇ ಬೇಕಂದ್ರೆ ಕೊನೆಯ ಐದು ನಿಮಿಷ. ಬಟಾಣಿಯೂ ಕೊನೆಗೆ. ಚಳಿಗಾಲದಲ್ಲಿ ಕಣ್ಣಿ ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ಹಸಿ ಬಟಾಣಿ ಸಿಗುತ್ತದೆ, ಒಣ ಬಟಾಣಿ ನೆನೆಹಾಕುವ ತಾಪತ್ರಯ ಇಲ್ಲ.

ಯಾದಗಿರಿಯಿಂದ ಒಬ್ಬರು:
ಗಟ್ಟಿ ಮಾಡುವುದಕ್ಕೆ ಅಮೆರಿಕದವರು ಮೈದಾ ಅಥವಾ ಕಾರ್ನ್‌ಫ್ಲೋರ್ ಹಾಕುತ್ತಾರೆ. ಕೆಲವರು ಬಾರ್ಲಿ ಹಾಕಿ ಬೇಯಿಸುತ್ತಾರೆ. ನಮ್ಮ ಮನೆಯಲ್ಲಿ ಜೋಳದ ನುಚ್ಚು ಇರುವಾಗ ಬಾರ್ಲಿ ಯಾಕೆ? ಎರಡು ದೊಡ್ಡ ಚಮಚ ನುಚ್ಚು ತೊಳೆದು ಅರ್ಧ ತಾಸು ನೆನೆಸಿ. ಆಲೂ ಹಾಕುವಾಗಲೇ ಅದನ್ನೂ ಹಾಕಿ. ಬೆಂದ ಮೇಲೆ ಸಾರು ತಾನಾಗಿ ಹಿಡಿದುಕೊಳ್ಳುತ್ತದೆ, ಬಾಯಿಗೆ ಕಾಳು ಕಾಳಾಗಿ ಸಿಗುತ್ತದೆ. ಆಗಾಗ ತಳ ಕೆದಕಬೇಕು, ಇಲ್ಲಾಂದ್ರೆ ಹತ್ತುತ್ತದೆ. ಮೂರು ಚಮಚಕ್ಕಿಂತ ಜಾಸ್ತಿ ಹಾಕಿದರೆ ಸಂಗಟಿ ಆಗುತ್ತದೆ, ಎಚ್ಚರ.

ನುಚ್ಚು ಇಲ್ಲದಿದ್ದರೆ ಜೋಳದ ಹಿಟ್ಟು ಒಂದು ಚಮಚ, ತಣ್ಣೀರಿನಲ್ಲಿ ಕದಡಿ ಹಾಕಿ. ಬಿಸಿ ಸಾರಿಗೆ ಹಿಟ್ಟು ನೇರ ಉದುರಿಸಿದರೆ ಉಂಡೆಯಾಗುತ್ತದೆ. ಹಾಕಿದ ಮೇಲೆ ಹತ್ತು ನಿಮಿಷವಾದರೂ ಕುದಿಯಬೇಕು, ಹಸಿ ವಾಸನೆ ಹೋಗಲಿ.

ರೋಜಾ ಕಡೆಯವರು:
ನುಚ್ಚೂ ಬೇಡ, ಹಿಟ್ಟೂ ಬೇಡ. ನಾವಿರುವುದು ತೊಗರಿಯ ಊರು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದ್ದೇ ಅನ್ನುವ ಗುರುತು, ಬಂದಿದೆ, ಅದನ್ನು ಡಬ್ಬಿಯಲ್ಲಿಟ್ಟು ಕಾರ್ನ್‌ಫ್ಲೋರ್ ಹುಡುಕುತ್ತೀರಾ? ಅರ್ಧ ಬಟ್ಟಲು ಬೇಳೆ ಬೇರೆ ಬೇಯಿಸಿ, ಕಡೆದು, ಕೊನೆಗೆ ಸೇರಿಸಿ. ದಾಲ್ಚಾ ತಿಂದವರಿಗೆ ಮಾಂಸದ ಜೊತೆ ಬೇಳೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಗೊತ್ತು.

ಯಾದಗಿರಿಯವರು:
ಹಾಗೆ ಮಾಡಿದರೆ ಅದು ದಾಲ್ಚಾನೇ ಆಯಿತಲ್ಲ, ಅಣ್ಣಾ. ಹುಡುಗಿ ಕೇಳಿದ್ದು ಸ್ಟ್ಯೂ.

ಬೀದರ್‌ನವರು:
ಜಗಳ ಬೇಡ. ಬೆಂದ ಆಲೂ ನಾಲ್ಕೈದು ಹೋಳು ಸೌಟಿನಿಂದ ಪಾತ್ರೆಯ ಗೋಡೆಗೆ ಒತ್ತಿ ಮಸೆಯಿರಿ. ಗಟ್ಟಿ ಆಯಿತು. ಮಗಳಿಗೆ ಹೀಗೆ ಮಾಡಿ, ಮನೆಯವರಿಗೆ ರೊಟ್ಟಿ ಜೊತೆ ಬೇಕಾದರೆ ನುಚ್ಚು ಹಾಕಿದ್ದು ಹೊಂದುತ್ತದೆ. ಬೇಳೆ ಹಾಕಿದ್ದು ಅನ್ನಕ್ಕೆ ಸರಿ. ಮತ್ತೊಂದು ಮಾತು, ಖೀಮಾದಲ್ಲಿ ಎಲುಬು ಇಲ್ಲ, ಅದಕ್ಕೆ ಸಾರು ತೆಳ್ಳಗೆ ಅನಿಸುತ್ತದೆ. ಅಂಗಡಿಯಲ್ಲಿ ಎರಡು ನಲ್ಲಿ ಎಲುಬು, ಅಂದರೆ ಒಳಗೆ ಮಜ್ಜೆ ಇರುವ ಕಾಲಿನ ಎಲುಬು, ಕೇಳಿ ತನ್ನಿ. ಕುಕ್ಕರಿನಲ್ಲಿ ಮುಕ್ಕಾಲು ತಾಸು ಸಣ್ಣ ಉರಿಯಲ್ಲಿ ಇಟ್ಟು ಆ ನೀರನ್ನೇ ಸ್ಟ್ಯೂಗೆ ಬಳಸಿ. ಬರೀ ನೀರಿನಲ್ಲಿ ಮಾಡಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಕೇಳಿದವರು:
ಮಸಾಲೆ? ಮಗಳು ‘ಅದರಲ್ಲಿ ಖಾರ ಇರಲಿಲ್ಲ, ಆದರೆ ಏನೋ ಒಂದು ಘಮ ಇತ್ತು’ ಅಂತಾಳೆ.

ಶಹಾಪುರದಿಂದ ಒಬ್ಬರು:
ಆ ಘಮ ಥೈಮ್ ಎಲೆಯದ್ದು ಇರಬೇಕು. ಅದು ಇಲ್ಲಿ ಸಿಗದಿದ್ದರೂ ಚಿಂತೆಯಿಲ್ಲ. ಥೈಮ್‌ಗೆ ಘಮ ಕೊಡುವ ಥೈಮಾಲ್ ಅನ್ನುವ ಅಂಶವೇ ಅಜವಾನದಲ್ಲೂ ಇದೆ. ಕಾಲು ಚಮಚ ಅಜವಾನ ಅಂಗೈಯಲ್ಲಿ ತಿಕ್ಕಿ ಉಳ್ಳಾಗಡ್ಡಿ ಜೊತೆ ಹಾಕಿ. ಅದಕ್ಕಿಂತ ಜಾಸ್ತಿ ಬೇಡ, ಹೊಟ್ಟೆನೋವಿನ ಔಷಧಿ ಕುಡಿದಂತೆ ಆಗುತ್ತದೆ. ಜೊತೆಗೆ ಒಂದು ತೇಜಪತ್ತಾ, ಕುಟ್ಟಿದ ಕಾಳುಮೆಣಸು. ಅಷ್ಟೇ. ಗರಂ ಮಸಾಲೆ, ಮಸಾಲಿ ಖಾರ, ಅರಿಸಿನ ಮುಟ್ಟಬೇಡಿ. ಮುಟ್ಟಿದರೆ ಅದು ಖೀಮಾ ಸಾರು. ಒಳ್ಳೆಯ ಸಾರೇ, ಆದರೆ ಮಗಳು ‘ಇದಲ್ಲ’ ಅಂತಾಳೆ.

ರೊಟ್ಟಿ ತಿನ್ನುವವರಿಗೆ ಒಂದು ಉಪಾಯ. ಮಗಳ ಪಾಲು ತೆಗೆದ ಮೇಲೆ ಉಳಿದಿದ್ದಕ್ಕೆ ಬೇರೆ ಒಗ್ಗರಣೆ ಕೊಡಿ. ಎಣ್ಣೆ, ಜೀರಿಗೆ, ಬಳ್ಳೊಳ್ಳಿ, ಒಂದು ಚಮಚ ಬ್ಯಾಡಗಿ ಖಾರ, ಹಿಡಿ ಮೆಂತ್ಯ ಸೊಪ್ಪು. ಟೊಮೆಟೊ ಬದಲು ಪುಂಡಿ ಸೊಪ್ಪು ಹಾಕಿದರೂ ಭಾರಿ ರುಚಿ. ಪುಂಡಿಯೂ ಹುಳಿ, ಅದನ್ನೂ ಆಲೂ ಬೆಂದ ಮೇಲೆಯೇ ಹಾಕಬೇಕು. ಕಟಿಕಟಿ ರೊಟ್ಟಿ ಮುರಿದು ಇದರಲ್ಲಿ ನೆನೆಸಿ ತಿನ್ನಿ, ಆಮೇಲೆ ಹೇಳಿ.

ಆಳಂದದಿಂದ ಒಬ್ಬರು:
ನಮ್ಮ ಮನೆಯಲ್ಲಿ ಮಾಂಸ ಇಲ್ಲ. ಸೋಯಾ ಗ್ರಾನ್ಯೂಲ್ಸ್‌ನಲ್ಲಿ ಇದೇ ಕ್ರಮದಲ್ಲಿ ಮಾಡುತ್ತೇವೆ. ಬಿಸಿ ನೀರಿನಲ್ಲಿ ನೆನೆಸಿ, ಎರಡು ಸಲ ಹಿಂಡಿ, ಕೆಂಪಗೆ ಹುರಿಯಬೇಕು. ಕೊಬ್ಬು ಇರುವುದಿಲ್ಲ, ಎಣ್ಣೆ ಒಂದು ಚಮಚ ಜಾಸ್ತಿ ಹಾಕಿ. ನಮಗೂ ಟೊಮೆಟೊ ವಿಷಯ ಇವತ್ತೇ ತಿಳಿದದ್ದು.

ಕೇಳಿದವರು:
ನಿನ್ನೆ ಮಾಡಿದೆ. ಕುರಿ ಖೀಮಾ, ನಲ್ಲಿ ಎಲುಬಿನ ನೀರು, ಅಜವಾನ, ಟೊಮೆಟೊ ಕೊನೆಗೆ. ಗಂಟು ಇಲ್ಲ, ಆಲೂ ಬೆಣ್ಣೆ ಹಾಗೆ. ಮಗಳಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ, ‘ಬಣ್ಣ ಅದೇ’ ಅಂದಳು. ಮನೆಯವರು ನುಚ್ಚು ಹಾಕಿದ್ದೇ ಬೇಕು ಅಂದರು, ರೊಟ್ಟಿ ಜೊತೆ ಎರಡು ಸಲ ಹಾಕಿಸಿಕೊಂಡರು. ಬಹಳ ಉಪಕಾರ ಆಯಿತು. ಕೊನೆಯದಾಗಿ, ಅವಳು ಬರುವುದು ಏಪ್ರಿಲ್‌ನಲ್ಲಿ. ಆ ಬಿಸಿಲಿನಲ್ಲಿ ಖೀಮಾ ತಂದು ಇಡಬಹುದಾ? ಮಾಡಿದ್ದು ಉಳಿದರೆ?

ಸೇಡಂ ರಸ್ತೆ, ಮೆಸ್ ನಡೆಸುವವರು:
ಇದನ್ನು ಸರಿಯಾಗಿ ಕೇಳಿ ಅಕ್ಕಾ, ಖೀಮಾ ಬೇಗ ಕೆಡುವ ವಸ್ತು. ತುಂಡು ಮಾಂಸದಲ್ಲಿ ಕ್ರಿಮಿ ಹೊರಗಡೆ ಇರುತ್ತದೆ, ಬಿಸಿ ತಗಲಿದ ಕೂಡಲೇ ಸಾಯುತ್ತದೆ. ಅರೆದಾಗ ಹೊರಗಿನದ್ದೆಲ್ಲ ಒಳಗೆ ಸೇರುತ್ತದೆ. ಅದಕ್ಕೇ ಖೀಮಾ ಒಳಗಿನವರೆಗೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅನ್ನುತ್ತಾರೆ. ಹುರಿದು ಅರ್ಧ ತಾಸು ಕುದಿಸುವ ಸ್ಟ್ಯೂನಲ್ಲಿ ಆ ಚಿಂತೆ ಇಲ್ಲ. ಚಿಂತೆ ಇರುವುದು ಅಂಗಡಿಯಿಂದ ಒಲೆಯವರೆಗೆ, ಆಮೇಲೆ ಒಲೆಯಿಂದ ಫ್ರಿಜ್‌ವರೆಗೆ.

ನಮ್ಮ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೇ ತನ್ನಿ, ದಾರಿಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಹಸಿ ಖೀಮಾ ಫ್ರಿಜ್‌ನಲ್ಲಿ ಒಂದು ದಿನ, ಬಹಳ ಅಂದರೆ ಎರಡು ದಿನ. ಅದಕ್ಕಿಂತ ಜಾಸ್ತಿ ಅಂದರೆ ಚಪ್ಪಟೆ ಮಾಡಿ ಫ್ರೀಜರ್‌ಗೆ ಹಾಕಿ. ಉಂಡೆ ಕಟ್ಟಿ ಇಟ್ಟರೆ ಹೆಪ್ಪು ಬಿಡಲು ಹೊತ್ತಾಗುತ್ತದೆ, ಹೊರಗೆ ಬಿಟ್ಟಾಗ ಅಂಚು ಬೆಚ್ಚಗಾಗಿ ನಡುವೆ ಇನ್ನೂ ಕಲ್ಲಿನ ಹಾಗೆ ಇರುತ್ತದೆ. ಹೆಪ್ಪು ಬಿಡಿಸುವುದೂ ಫ್ರಿಜ್ ಒಳಗೇ.

ಮಾಡಿದ ಸ್ಟ್ಯೂ ಬೇಸಿಗೆಯಲ್ಲಿ ಒಂದು ತಾಸಿಗಿಂತ ಹೊರಗೆ ಬೇಡ. ದೊಡ್ಡ ಬೋಗಾಣಿ ಹಾಗೇ ಫ್ರಿಜ್‌ಗೆ ಇಟ್ಟರೆ ನಡುವಿನದ್ದು ತಣ್ಣಗಾಗಲು ಬಹಳ ಹೊತ್ತು ಬೇಕು. ಅಗಲವಾದ ಚಿಕ್ಕ ಡಬ್ಬಿಗಳಿಗೆ ಹಂಚಿ. ಮೂರು ದಿನ ನಡೆಯುತ್ತದೆ. ತಿನ್ನುವಷ್ಟೇ ತೆಗೆದು ಕುದಿ ಬರುವವರೆಗೆ ಬಿಸಿ ಮಾಡಿ, ಉಳಿದಿದ್ದನ್ನು ಮತ್ತೆ ಮತ್ತೆ ಕಾಯಿಸಬೇಡಿ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ, ಮುಚ್ಚಿದ್ದರೆ ನಾಲ್ಕು ತಾಸು ತಡೆಯುತ್ತದೆ. ಅದರ ಮೇಲೆ ಹೋಯಿತು ಅಂದರೆ, ವಾಸನೆ ನೋಡಿ ತೀರ್ಮಾನ ಮಾಡುವುದು ಬೇಡ, ಚೆಲ್ಲಿಬಿಡಿ.

ಫ್ರೀಜರ್‌ನಲ್ಲಿ ಸ್ಟ್ಯೂ ಇಡುವುದಾದರೆ ಆಲೂ ಹಾಕದೆ ಇಡಿ. ಹೆಪ್ಪು ಬಿಟ್ಟ ಮೇಲೆ ಆಲೂ ಮರಳು ಮರಳಾಗುತ್ತದೆ. ಮಗಳು ಬಂದ ದಿನ ಬಿಸಿ ಮಾಡುವಾಗ ಹೊಸ ಆಲೂ ಬೇಯಿಸಿ ಸೇರಿಸಿದರಾಯಿತು.