ವಿದ್ಯಾರ್ಥಿಯ ಬ್ಯಾಗಿನಲ್ಲಿ ವೇಪ್ ಸಿಕ್ಕರೆ ಶಾಲೆ ಏನು ಮಾಡಬೇಕು? ಕಾನೂನು ಏನು ಹೇಳುತ್ತೆ?

ಹೈಸ್ಕೂಲ್_ಮೇಷ್ಟ್ರು:
ಹತ್ತನೇ ಕ್ಲಾಸಿನ ಹುಡುಗನ ಹತ್ತಿರ ವೇಪ್, ಅಂದ್ರೆ ಎಲೆಕ್ಟ್ರಾನಿಕ್ ಸಿಗರೇಟ್, ಸಿಕ್ಕಿದೆ ಅಂದ್ಕೊಳ್ಳಿ. ಹೈಲೈಟರ್ ಪೆನ್ನಿನಷ್ಟು ದಪ್ಪ, ಬುಡದಲ್ಲಿ ಚಾರ್ಜಿಂಗ್ ಕಿಂಡಿ, ಮೈಮೇಲೆ ಮಾವಿನಹಣ್ಣಿನ ಚಿತ್ರ, ‘5%’ ಅಂತ ಅಚ್ಚು. ಟಿ.ಸಿ. ಕೊಟ್ಟು ಕಳಿಸಿ ಅನ್ನೋರು ಕೆಲವರು, ಪೊಲೀಸರಿಗೆ ಒಪ್ಪಿಸಿ ಅನ್ನೋರು ಕೆಲವರು. ಹುಡುಗ ‘ನಿಕೋಟಿನ್ ಇಲ್ಲ ಸರ್, ಬರೀ ಫ್ಲೇವರ್’ ಅಂತಾನೆ. ಶಾಲೆಯ ಕರ್ತವ್ಯ ಯಾವುದು? ಆ ವಸ್ತುವನ್ನು ಏನು ಮಾಡಬೇಕು?

ಕೋರ್ಟ್‌ಕಟ್ಟೆ:
‘ಬರೀ ಫ್ಲೇವರ್’ ಅನ್ನೋ ಮಾತು ನಿಲ್ಲಲ್ಲ. 2019ರ ಎಲೆಕ್ಟ್ರಾನಿಕ್ ಸಿಗರೇಟ್ ನಿಷೇಧ ಕಾಯ್ದೆಯ ವ್ಯಾಖ್ಯೆಯಲ್ಲೇ ನಿಕೋಟಿನ್ ಇರಲಿ, ಇಲ್ಲದಿರಲಿ ಎರಡೂ ಸೇರಿವೆ, ಇ-ಹುಕ್ಕಾ ಕೂಡ. ಸಿಗರೇಟಿಗಿರುವ ವಯಸ್ಸಿನ ಮಿತಿಯ ಪ್ರಶ್ನೆಯೂ ಇಲ್ಲಿ ಬರಲ್ಲ. ವೇಪ್ ಅನ್ನು ಯಾವ ವಯಸ್ಸಿನವರಿಗೂ ಮಾರುವಂತಿಲ್ಲ. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು, ದೇಶಕ್ಕೆಲ್ಲ ಅನ್ವಯಿಸುವ ಸುಗ್ರೀವಾಜ್ಞೆ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ.

ಕಾಯ್ದೆಯ ಗುರಿ ಮಾರುವವನು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತಿಗೆ ಮೊದಲ ಸಲ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸೇದಿದ್ದಕ್ಕೇ ಅಂತ ಪ್ರತ್ಯೇಕ ಶಿಕ್ಷೆಯ ಕಲಂ ಇಲ್ಲ. ಆದರೆ ದಾಸ್ತಾನಿಗೆ 6 ತಿಂಗಳವರೆಗೆ ಜೈಲು ಅಥವಾ 50,000ದವರೆಗೆ ದಂಡ ಇದೆ. ಆದ್ದರಿಂದ ಕಸಿದುಕೊಂಡ ವೇಪ್‌ಗಳನ್ನು ಸ್ಟಾಫ್ ರೂಮಿನ ಬೀರುವಿನಲ್ಲಿ ತಿಂಗಳುಗಟ್ಟಲೆ ಗುಡ್ಡೆ ಹಾಕಬೇಡಿ.

ಸಿಕ್ಕ ದಿನವೇ ಇಬ್ಬರು ಶಿಕ್ಷಕರ ಎದುರು ಒಂದು ಪುಟ ಬರೆಯಿರಿ: ಸಮಯ, ಸ್ಥಳ, ಲೇಬಲ್‌ನಲ್ಲಿ ಇರುವುದೆಲ್ಲ ಅಕ್ಷರಶಃ. ಬ್ಯಾಚ್ ನಂಬರ್ ಕಾಣುವಂತೆ ಫೋಟೋ ತೆಗೆದು ಸಹಿ ಹಾಕಿ. ಪೋಷಕರನ್ನು ಕರೆಸಿ ತಿಳಿಸಿ. ಆಮೇಲೆ ಠಾಣೆಯ ಎಸ್‌ಐಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಈ ಕಾಯ್ದೆಯಡಿ ಶೋಧ, ಜಪ್ತಿಯ ಅಧಿಕಾರ ಎಸ್‌ಐ ದರ್ಜೆಯಿಂದ ಶುರು. ಹುಡುಗನೇ ಸಹಪಾಠಿಗಳಿಗೆ ಮಾರಿದ್ದರೂ 18 ತುಂಬದವನ ಮೇಲೆ ಇಂಥ ಸಣ್ಣ ಅಪರಾಧಕ್ಕೆ ಎಫ್‌ಐಆರ್ ಹಾಕದೆ ಠಾಣೆಯ ದಿನಚರಿಯಲ್ಲಿ ನಮೂದಿಸಬೇಕು ಅನ್ನುತ್ತವೆ ಬಾಲನ್ಯಾಯ ನಿಯಮಗಳು. ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ ಲೆಕ್ಕ ಬೇರೆ.

ಲ್ಯಾಬ್_ಅಣ್ಣ:
ಮೇಷ್ಟ್ರೇ, ಅದನ್ನು ಬಿಚ್ಚಬೇಡಿ, ಮಕ್ಕಳೆದುರು ಕಲ್ಲಿನಿಂದ ಜಜ್ಜಲೂಬೇಡಿ. ಒಳಗೆ ಲಿಥಿಯಂ ಬ್ಯಾಟರಿ ಇರುತ್ತೆ; ತೂತಾದರೆ ಬೆಂಕಿ ಹೊತ್ತಿಕೊಳ್ಳುತ್ತೆ. ದ್ರವ ಸೋರಿ ಕೈಗೆ ಹತ್ತಿದರೆ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗಿ ತಲೆಸುತ್ತು, ವಾಂತಿ ಬರಿಸುತ್ತೆ. ಗ್ಲೌಸ್ ಹಾಕಿ ಎತ್ತಿ, ಜಿಪ್ ಕವರಿನಲ್ಲಿಟ್ಟು, ಬಿಸಿಲು ತಾಗದ ತಗಡಿನ ಡಬ್ಬಿಯಲ್ಲಿಡಿ. ಚಾರ್ಜಿಗೆ ಹಾಕಿ ನೋಡುವ ಕುತೂಹಲ ಬೇಡ. ಕೆಲವದರಲ್ಲಿ ಗುಂಡಿಯೇ ಇರಲ್ಲ. ಎಳೆದಾಗಿನ ಗಾಳಿಯ ಒತ್ತಡಕ್ಕೆ ಸೆನ್ಸರ್ ಚಾಲೂ ಆಗಿ ದ್ರವವನ್ನು ಆವಿ ಮಾಡುವ ತಂತಿ ಸುರುಳಿ ಬಿಸಿಯಾಗುತ್ತೆ.

ಆ 5% ನೋಡಿ: 1 ಮಿಲಿಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್. ದ್ರವ 10 ಮಿಲಿ ಇದ್ದರೆ 500 ಮಿಲಿಗ್ರಾಂ. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಬೆಂಜೋಯಿಕ್ ಆಮ್ಲದಂಥದ್ದು ಬೆರೆಸಿ ಲವಣ ರೂಪಕ್ಕೆ ತಂದಿರುವುದರಿಂದ ಇಷ್ಟು ಗಾಢವಾಗಿದ್ದರೂ ಗಂಟಲು ಉರಿಯಲ್ಲ. ಕೆಮ್ಮು ಬಂದಿದ್ದರೆ ಹುಡುಗ ಮೊದಲ ದಿನವೇ ಬಿಸಾಕುತ್ತಿದ್ದ.

ಆಪ್ತಸಮಾಲೋಚಕಿ:
ಟಿ.ಸಿ. ದಯವಿಟ್ಟು ಕೊಡಬೇಡಿ. ಶಾಲೆ ಬಿಟ್ಟ ಮಗು ವೇಪ್ ಬಿಡಲ್ಲ, ಅದನ್ನು ಗಮನಿಸುವವರೂ ಇರಲ್ಲ. ‘ಯಾಕೆ ಸೇದಿದೆ’ ಅಂತ ಕೇಳಿದರೆ ಸುಳ್ಳು ಬರುತ್ತೆ. ‘ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಬೇಕು ಅನ್ಸುತ್ತೆ?’ ಅಂತ ಕೇಳಿ. ಅರ್ಧ ಗಂಟೆಯೊಳಗೆ ಅಂದರೆ ಚಟ ಗಟ್ಟಿಯಾಗಿದೆ. ಬಿಟ್ಟ ಮೊದಲ ಮೂರು ದಿನ ಕಷ್ಟ ಹೆಚ್ಚು. ಸಿಡುಕು, ನಿದ್ದೆಗೇಡು, ಪಾಠ ತಲೆಗೆ ಹತ್ತದಿರುವುದು ಎರಡರಿಂದ ನಾಲ್ಕು ವಾರ ಇರಬಹುದು. ಆ ಹೊತ್ತಿನಲ್ಲಿ ಕಿರುಪರೀಕ್ಷೆಯ ಅಂಕ ಕುಸಿದರೆ ಬೈಯಬೇಡಿ, ಮನೆಯವರಿಗೂ ಮೊದಲೇ ಹೇಳಿಡಿ. ನಿಕೋಟಿನ್ ಗಮ್ ಅನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ಮಕ್ಕಳಿಗೆ ವೈದ್ಯರು ನೋಡಿಯೇ ಹೇಳಬೇಕು. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡೂ ಉಚಿತ.

ಹೈಸ್ಕೂಲ್_ಮೇಷ್ಟ್ರು:
ಎಲ್ಲರಿಗೂ ಧನ್ಯವಾದ. ಇಷ್ಟು ಕಟ್ಟುನಿಟ್ಟಿನ ನಿಷೇಧ ಇದ್ದೂ ಮಕ್ಕಳ ಕೈಗೆ ಹೇಗೆ ಸೇರುತ್ತೆ? ಮಾರಿದವನನ್ನು ಹಿಡಿಸಲು ಶಾಲೆ ಏನು ಕೊಡಬಹುದು?

ಕೋರ್ಟ್‌ಕಟ್ಟೆ:
ಎಲ್ಲಿ ಸಂದು ಉಳಿಯುತ್ತೋ ಮಾರಾಟ ಅಲ್ಲಿಗೆ ಜಾರುತ್ತೆ. ಅಮೆರಿಕದಲ್ಲಿ 2020ರಲ್ಲಿ ಹಣ್ಣಿನ ರುಚಿಯ ಕಾರ್ಟ್ರಿಜ್‌ಗಳನ್ನು (ವೇಪ್‌ಗೆ ಸಿಕ್ಕಿಸಿ ಬದಲಿಸುವ ದ್ರವದ ಡಬ್ಬಿ) ತಡೆದರು, ಬಳಸಿ ಎಸೆಯುವ ವೇಪ್‌ಗಳನ್ನು ಬಿಟ್ಟರು. ಮಕ್ಕಳು ಅದಕ್ಕೇ ಹೊರಳಿದರು. ನಮ್ಮಲ್ಲಿ ಕಾಯ್ದೆಯ ಪಠ್ಯದಲ್ಲಿ ಅಂಥ ಸಂದು ಇಲ್ಲ. ಕೊರತೆ ಇರುವುದು ಜಾರಿಯಲ್ಲಿ: ಇನ್‌ಸ್ಟಾಗ್ರಾಮ್ ಖಾತೆ, ಟೆಲಿಗ್ರಾಮ್ ಗುಂಪು, ಕೊರಿಯರ್, ಬೀಡಾ ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿನ ಡಬ್ಬ.

ಹಾಗಾಗಿ ದೂರಿನಲ್ಲಿ ‘ಮಕ್ಕಳು ಹಾಳಾಗುತ್ತಿದ್ದಾರೆ’ ಅಂತ ಬರೆದರೆ ಸಾಲದು. ಖಾತೆಯ ಹೆಸರು ಮತ್ತು ದಿನಾಂಕ ಕಾಣುವ ಸ್ಕ್ರೀನ್‌ಶಾಟ್, ಹಣ ಹೋದ ಯುಪಿಐ ಐಡಿ, ಕೊರಿಯರ್ ಕವರಿನ ಮೇಲಿನ ಟ್ರ್ಯಾಕಿಂಗ್ ನಂಬರ್ ಪೋಷಕರ ಒಪ್ಪಿಗೆಯಿಂದ ಲಗತ್ತಿಸಿ. ಕವರನ್ನು ಎಸೆಯಬೇಡಿ. ಕಳಿಸಿದವನ ಜಾಡು ಸಿಗುವುದು ಹೆಚ್ಚಾಗಿ ಅದರಿಂದಲೇ. ಆರೋಗ್ಯ ಸಚಿವಾಲಯ ಈ ಕಾಯ್ದೆಯ ಉಲ್ಲಂಘನೆಗೇ 2023ರಲ್ಲಿ ತೆರೆದ ದೂರು ಪೋರ್ಟಲ್‌ಗೂ ಇದೇ ವಿವರ ಹಾಕಿ. ಎಲ್ಲೂ ಮಗುವಿನ ಹೆಸರು, ತರಗತಿ ಬರೆಯಬೇಡಿ. ಮಾರಿದವನ ವಿವರ ಇದ್ದರೆ ತನಿಖೆ ಶುರುಮಾಡಲು ಅಷ್ಟು ಸಾಕು.