ಅಪ್‌ಡೇಟ್: ಡಬಲ್ ಬ್ಯಾರಲ್ ಕೋವಿಯ ತುಕ್ಕು ಹೋಯಿತು

ಮಳೆ ಮುಗಿಯುವಷ್ಟರಲ್ಲಿ 12 ಬೋರ್ ಕೋವಿಗೆ ತುಕ್ಕು ಹಿಡಿದಿದೆ, ಎಷ್ಟು ಬಿಚ್ಚಬೇಕು ಅಂತ ಕೇಳಿದ್ದೆ. ಬ್ಯಾರಲ್, ಮುಂದಿನ ಮರದ ಹಿಡಿ, ಹಿಂದಿನ ಹಿಡಿ ಅಂತ ಮೂರು ಭಾಗ ಮಾಡಿದರೆ ಸಾಕು. ಕೋವಿ ಮಡಚಿ, ಎರಡೂ ಚೇಂಬರ್ (ಕಾಟ್ರಿಜ್ ಕೂರುವ ಜಾಗ) ಖಾಲಿಯೇ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ. ಕಾಟ್ರಿಜ್ ಬೇರೆ ಕೋಣೆಯಲ್ಲಿರಲಿ. ಮತ್ತೆ ಮುಚ್ಚಿ, ಮುಂದಿನ ಮರದ ಹಿಡಿ ಕಳಚಿ, ಲಿವರ್ ತಳ್ಳಿದರೆ ಬ್ಯಾರಲ್ ಕೈಗೆ ಬರುತ್ತದೆ.

ತುಕ್ಕು ಕೂತಿದ್ದು ಆ ಹಿಡಿಯ ಅಡಿಯಲ್ಲೇ! ಎಣ್ಣೆ ಹಚ್ಚಿದ ನಯವಾದ ಸ್ಟೀಲ್ ವುಲ್‌ನಲ್ಲಿ ಹಗುರವಾಗಿ ಉಜ್ಜಿ. ಒತ್ತಿದರೆ ಕಪ್ಪು ಬಣ್ಣವೂ ಹೋಗುತ್ತದೆ. ಬ್ಯಾರಲ್ ಒಳಗೆ ಸಾಲ್ವೆಂಟ್ (ಕೊಳೆ ಕರಗಿಸುವ ದ್ರವ), ಕಂಚಿನ ಬ್ರಷ್, ಬಟ್ಟೆ, ಎಲ್ಲವೂ ಚೇಂಬರ್ ಕಡೆಯಿಂದ. ಕೊನೆಗೆ ತೆಳು ಎಣ್ಣೆ. ಹೆಚ್ಚಾದರೆ ಧೂಳು ಸೇರಿ ಅಂಟಾಗುತ್ತದೆ.

ಲಾಕ್‌ನ (ಗುಂಡು ಹಾರಿಸುವ ಯಂತ್ರಭಾಗ) ಸ್ಕ್ರೂ ಮುಟ್ಟಬೇಡಿ, ಅದು ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಕೆಲಸ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಇಟ್ಟ ತೋಕ್ ಪೂ (ಕೋವಿ ಹೂವು) ಅವತ್ತೇ ತೆಗೆದು, ಗಂಧ ಒರೆಸಿ. ಕೋವಿಯನ್ನು ಬಟ್ಟೆ ಕವರ್‌ನಲ್ಲಂತೂ ಇಡಲೇಬೇಡಿ, ತೇವ ಹೀರುತ್ತದೆ.