ಗಾಳಿಮಾತು

ನಮ್ಮ ಮನೆಯ ಕಂಪ್ಯೂಟರ್ ಸದ್ದು ಮಾಡಲು ಶುರುಮಾಡಿ ಆರು ತಿಂಗಳಾಗಿತ್ತು. ಮೊದಮೊದಲು ದುಂಬಿಯಂತೆ ಗುಂಯ್‌ಗುಡುತ್ತಿದ್ದದ್ದು ಏಪ್ರಿಲ್ ಬರುವ ಹೊತ್ತಿಗೆ ಹಿಟ್ಟಿನ ಗಿರಣಿಯಾಯಿತು. ಅಣ್ಣನ ಷಷ್ಟಿಪೂರ್ತಿಯ ವಿಡಿಯೋ ಜೋಡಿಸಿ, ನನ್ನದೇ ದನಿಯಲ್ಲಿ ನಾಲ್ಕು ಮಾತು ಸೇರಿಸಿ ಕಳುಹಿಸಿದರೆ ಅವನು ಫೋನ್ ಮಾಡಿ, "ಮಾತು ಚೆನ್ನಾಗಿದೆ. ಆದರೆ ರಾಗಿ ಬೀಸಿಸಲು ಹೋದಾಗಲೇ ಏಕೆ ರೆಕಾರ್ಡ್ ಮಾಡಿದೆ?" ಎಂದು ಕೇಳಿದ.

ಭಾನುವಾರ ಸಂಜೆ ಕಾಫಿಗೆ ಬಂದ ಮೂವರ ಮುಂದೆ ಈ ದುಃಖ ತೋಡಿಕೊಂಡದ್ದು ನನ್ನ ತಪ್ಪು.

"ಫ್ಯಾನ್ ಬದಲಾಯಿಸು," ಎಂದ ನಾಗರಾಜ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅವನು ಯಾವ ವಸ್ತುವನ್ನೂ ಅದರ ವಿವರಪಟ್ಟಿ ಓದದೆ ಮುಟ್ಟುವುದಿಲ್ಲ, ಬಾಳೆಹಣ್ಣನ್ನು ಬಿಟ್ಟು. "120 ಮಿಲಿಮೀಟರಿನದು ಕಿತ್ತು 140ರದ್ದು ಹಾಕು. ದೊಡ್ಡ ರೆಕ್ಕೆ ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ತಳ್ಳುತ್ತದೆ. ಸದ್ದೂ ಕಡಿಮೆ."

ಸುಬ್ಬಣ್ಣ ಆಗಲೇ ಎದ್ದು ಕ್ಯಾಬಿನೆಟ್ಟಿನ ಮುಂಭಾಗವನ್ನು ಗೇಣಿನಿಂದ ಅಳೆಯುತ್ತಿದ್ದ. ಅವನ ಜೇಬಿನಲ್ಲಿ ಪೆನ್ನು ಇರದಿದ್ದರೂ ಸ್ಕ್ರೂಡ್ರೈವರ್ ಇರುತ್ತದೆ.

"ಕೈಯಲ್ಲಿ ಅಳೆಯಲು ಇದೇನು ಮಲ್ಲಿಗೆ ಮಾರುವ ಅಂಗಡಿಯೇ?" ಎಂದ ನಾಗರಾಜ. "ಸ್ಕ್ರೂ ತೂತಿನಿಂದ ತೂತಿಗೆ ಅಳೆ. 105 ಮಿಲಿಮೀಟರ್ ಬಂದರೆ 120ರ ಫ್ಯಾನ್. 124.5 ಬಂದರೆ 140ರದ್ದು."

ಮಗಳ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲು ಬಂತು. 105. ಹೀಗೆ ನಾಗರಾಜನ ಮೊದಲ ಸಲಹೆ ಸ್ಕೇಲಿನ ಕೈಯಲ್ಲೇ ಸತ್ತಿತು.

"ಹಾಗಾದರೆ 120ರವನ್ನೇ ಆರು ತಂದುಬಿಡು. ಎಸ್.ಪಿ. ರಸ್ತೆಯಲ್ಲಿ ಬಣ್ಣದ ದೀಪ ಇರುವವು ಜೊತೆಜೊತೆಯಾಗಿ ಸಿಗುತ್ತವೆ," ಎಂದ ಸುಬ್ಬಣ್ಣ.

"ಇದು ಕಂಪ್ಯೂಟರ್ ಕ್ಯಾಬಿನೆಟ್ಟು. ಬಂದವರಿಗೆಲ್ಲ ಜಾಗ ಕೊಡಲು ವಿಧಾನಸೌಧದ ಸಂಪುಟ ವಿಸ್ತರಣೆಯಲ್ಲ," ಎಂದ ಕಲಬುರಗಿಯ ಶರಣಪ್ಪ.

"ದೀಪ ಹಾಕಿಸಿದರೆ ಒಂದು ವಿಷಯ ನೆನಪಿರಲಿ," ಎಂದು ನಾಗರಾಜ ಬೆರಳೆತ್ತಿದ. "ಕೆಲವು ದೀಪ 12 ವೋಲ್ಟಿನವು, ನಾಲ್ಕು ಪಿನ್ನಿನವು. ಕೆಲವು 5 ವೋಲ್ಟಿನವು, ಮೂರು ಪಿನ್ನಿನವು. ಐದರದ್ದನ್ನು ಹನ್ನೆರಡಕ್ಕೆ ಸಿಕ್ಕಿಸಿದರೆ ಅಂದೇ ಅದರ ಕೊನೆಯ ದೀಪಾವಳಿ."

ಆಮೇಲೆ ಅವನು ಸದ್ದಿನ ಲೆಕ್ಕಕ್ಕಿಳಿದ. ಇದನ್ನು ಮಾತ್ರ ನಾನು ಬಾಯಿ ಮುಚ್ಚಿಕೊಂಡು ಕೇಳಿದೆ, ಏಕೆಂದರೆ ನನಗೆ ಗೊತ್ತಿದ್ದದ್ದು ಇದರ ತಲೆಕೆಳಗಾಗಿತ್ತು. ಒಂದು ಫ್ಯಾನಿನ ಪಕ್ಕಕ್ಕೆ ಅಂಥದ್ದೇ ಇನ್ನೊಂದು ಇಟ್ಟರೆ ಸದ್ದು ಇಮ್ಮಡಿ ಕೇಳಿಸುವುದಿಲ್ಲವಂತೆ, ಬರೇ ಮೂರು ಡೆಸಿಬೆಲ್ ಏರುತ್ತದಂತೆ. ಅದೇ, ಇರುವ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸುಮಾರು ಹದಿನೈದು ಡೆಸಿಬೆಲ್ ಇಳಿಯುತ್ತದೆ. "ಆದ್ದರಿಂದ ಒಬ್ಬ ಓಡುವುದಕ್ಕಿಂತ ಇಬ್ಬರು ನಡೆಯುವುದು ಲೇಸು. ಅದಕ್ಕೇ ನಾಲ್ಕು ಪಿನ್ನಿನ ಫ್ಯಾನ್ ತೆಗೆದುಕೊ. ಬಿಸಿಯಾದಾಗ ಮಾತ್ರ ಕಂಪ್ಯೂಟರಿನ ಮದರ್‌ಬೋರ್ಡು ಅದರ ವೇಗ ಏರಿಸುತ್ತದೆ."

"ಗಾಳಿ ಎಷ್ಟು ಬರುತ್ತದೆ ಎಂದು ಪೆಟ್ಟಿಗೆಯ ಮೇಲೇ ಬರೆದಿರುತ್ತಾರಲ್ಲ, ಅದನ್ನು ನೋಡಿ ತಂದರಾಯಿತು," ಎಂದೆ.

"ಆ ಸಿಎಫ್‌ಎಂ ಲೆಕ್ಕ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ಎನ್ನುವುದು, ಎದುರಿಗೆ ಏನೂ ಅಡ್ಡವಿಲ್ಲದಾಗಿನದು. ಖಾಲಿ ರಸ್ತೆಯ ಮೈಲೇಜನ್ನು ಸಿಲ್ಕ್ ಬೋರ್ಡ್ ವೃತ್ತದಲ್ಲಿ ಕೇಳಬಾರದು. ನಿನ್ನ ಕ್ಯಾಬಿನೆಟ್ಟಿನ ಮುಂದೆ ಜಾಲರಿ ಇದೆ, ಧೂಳು ಸೋಸುವ ಬಲೆ ಇದೆ. ಅವನ್ನು ದಾಟಿ ನುಗ್ಗಲು ಒತ್ತಡ ಬೇಕು. ಒತ್ತಡವನ್ನು ಇಷ್ಟು ಮಿಲಿಮೀಟರ್ ನೀರು ಎಂದು ಬರೆದಿರುತ್ತಾರೆ."

"ನಮ್ಮ ಕಡೆ ಮಳೆಯನ್ನೂ ಹಾಗೆಯೇ ಬರೆಯುತ್ತಾರೆ. ಬರೆಯುವುದೇ ಬಂತು," ಎಂದು ಶರಣಪ್ಪ ನಿಟ್ಟುಸಿರುಬಿಟ್ಟ. "ಅಲ್ಲವೋ ನಾಗರಾಜ, ಮೇ ತಿಂಗಳಲ್ಲಿ ನಮ್ಮ ಮನೆಯೊಳಗೇ 40 ಡಿಗ್ರಿ. ಯಾವ ಫ್ಯಾನ್ ಹಾಕಿದರೂ ಅದು ಊದುವುದು ಆ 40ರ ಗಾಳಿಯನ್ನೇ ತಾನೆ? ಕೋಣೆಗಿಂತ ಕ್ಯಾಬಿನೆಟ್ಟು ತಣ್ಣಗಾಗುವುದು ಹೇಗೆ?"

ಇದಕ್ಕೆ ನಾಗರಾಜನ ಬಳಿ ವಿವರಪಟ್ಟಿ ಇರಲಿಲ್ಲ. ಮಾತು ತಿರುಗಿಸಿ, ಆಸ್ಟ್ರಿಯಾದ ನೊಕ್ಟುವಾ ಕಂಪನಿಯ ಫ್ಯಾನನ್ನು ಮೊಬೈಲಿನಲ್ಲಿ ತೋರಿಸಿದ. ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಮಾತ್ರ ಸಂದು, ಗಾಳಿ ಹಿಂದಕ್ಕೆ ನುಸುಳದಂತೆ. ನಮ್ಮ ಕಣ್ಣು ಮಾತ್ರ ಬಣ್ಣದ ಮೇಲೆಯೇ ನಿಂತಿತು: ರೆಕ್ಕೆ ಗಟ್ಟಿ ಡಿಕಾಕ್ಷನ್ನು, ಚೌಕಟ್ಟು ಹಾಲು ಹೆಚ್ಚಾದ ಕಾಫಿ.

"ಮೂಲೆಯಲ್ಲಿರುವ ಗುರುತು ಯಾವುದು? ಗೂಬೆಯೇ?" ಸುಬ್ಬಣ್ಣ ಕನ್ನಡಕ ಏರಿಸಿದ.

"ಗೂಬೆಯೇ. ಸದ್ದಿಲ್ಲದೆ ಹಾರುತ್ತದಲ್ಲ."

"ಸಾವಿರಗಟ್ಟಲೆ ಕೊಟ್ಟು ಮನೆಯೊಳಗೆ ಗೂಬೆ ಕೂರಿಸಿಕೊಳ್ಳುವುದೇ! ನಮ್ಮಲ್ಲಿ ಅದನ್ನು ಪುಕ್ಕಟೆ ಮಾಡುತ್ತಾರೆ."

ಅಷ್ಟರಲ್ಲಿ ನನ್ನ ಹೆಂಡತಿ ಲೋಟ ತೆಗೆದುಕೊಂಡು ಹೋಗಲು ಬಂದಳು. ನಾಗರಾಜ ಅವಳಿಗೂ ಒಳಗೆಳೆಯುವ ಫ್ಯಾನ್ ಎಷ್ಟಿರಬೇಕು, ಹೊರದೂಡುವ ಫ್ಯಾನ್ ಎಷ್ಟಿರಬೇಕು, ಒಳಬರುವ ಗಾಳಿ ತುಸು ಹೆಚ್ಚಿದ್ದರೆ ಸಂದುಗೊಂದಿನಿಂದ ಧೂಳು ಹೇಗೆ ನುಗ್ಗುವುದಿಲ್ಲ ಎಂದು ವಿವರಿಸತೊಡಗಿದ. ಅವಳು ಪೂರ್ತಿ ಕೇಳಿಸಿಕೊಂಡು, "ಅಣ್ಣಾ, ಒಗ್ಗರಣೆ ಹಾಕುವಾಗ ನಾವು ನೋಡುವುದು ಒಂದೇ. ಹೊಗೆ ಹೊರಗೆ ಹೋಗುತ್ತಿದೆಯೋ, ನಡುಮನೆಗೆ ಬರುತ್ತಿದೆಯೋ ಎಂದು. ನೀವು ಇದರ ಹೊಗೆ ನೋಡಿದ್ದೀರಾ?" ಎಂದು ಹೇಳಿ ಒಳಗೆ ಹೋದಳು.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶರಣಪ್ಪ ದೇವರ ಮನೆಯಿಂದ ಊದುಬತ್ತಿ ಹಚ್ಚಿಕೊಂಡು ಬಂದ.

ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ನಮ್ಮ ಬೆಕ್ಕು ರಂಗಿ ಎಂದಿನಂತೆ ಹಿಟ್ಟಿನ ಮುದ್ದೆಯಾಗಿ ಮಲಗಿತ್ತು. ಮೊದಲು ಮುಂಭಾಗಕ್ಕೆ ಊದುಬತ್ತಿ ಹಿಡಿದೆವು. ಹೊಗೆ ಎಳೆಎಳೆಯಾಗಿ ಜಾಲರಿಯೊಳಗೆ ಹೋಯಿತು. ಸರಿ. ಆ ಜಾಲರಿಗೆ ಒಣಗಿದ ಚೆಂಡುಹೂವಿನ ಎಸಳೊಂದು ಅಂಟಿಕೊಂಡಿತ್ತು, ಆಯುಧಪೂಜೆಯದು. ಅದರ ಸುತ್ತ ಬೆಕ್ಕಿನ ಕೂದಲು ಹತ್ತಿಯಂತೆ ಹೆಣೆದುಕೊಂಡಿತ್ತು. ಶರಣಪ್ಪ ಅದನ್ನು ಉಗುರಿನಿಂದ ಕಿತ್ತು ತೆಗೆದು, ಊದುಬತ್ತಿಯನ್ನು ಹಿಂದಕ್ಕೆ ಒಯ್ದ.

ಹಿಂದಿನ ಫ್ಯಾನ್ ಹೊಗೆಯನ್ನು ಆಚೆಗೆ ಊದಿ ಚದುರಿಸಬೇಕಿತ್ತು. ಅದೂ ಗಟಗಟನೆ ಒಳಕ್ಕೆ ಕುಡಿಯಿತು!

"ಮುಂದಿನಿಂದಲೂ ಒಳಗೆ, ಹಿಂದಿನಿಂದಲೂ ಒಳಗೆ. ಹಾಗಾದರೆ ಹೊರಗೆ ಎಲ್ಲಿಂದ?" ಎಂದು ನಾಗರಾಜ ಮೆಲ್ಲಗೆ ತಲೆಯೆತ್ತಿದ. ನಾವೂ ಎತ್ತಿದೆವು. ಉಳಿದಿದ್ದ ದಾರಿ ಮೇಲಿನ ಜಾಲರಿಯೊಂದೇ. ಅದರ ಮೇಲೆ ರಂಗಿ. ಅದರ ಹೊಟ್ಟೆಯ ಅಂಚಿನಿಂದ ಸಣ್ಣಗೆ ಮೈಸೂರು ಮಲ್ಲಿಗೆಯ ಹೊಗೆ ಏಳುತ್ತಿತ್ತು.

"ಹಿಂದಿನ ಫ್ಯಾನ್ ಯಾರು ತಿರುಗಿಸಿದ್ದು?" ಎಂದೆ.

ಸುಬ್ಬಣ್ಣ ಖಾಲಿ ಲೋಟದಿಂದ ಕಾಫಿ ಕುಡಿದ.

"ಆಯುಧಪೂಜೆಯ ದಿನ ಧೂಳು ಒರೆಸಿಕೊಡುತ್ತೇನೆ ಎಂದು ಬಿಚ್ಚಿದವನು ನೀನೇ ಅಲ್ಲವೇ?"

"ನನ್ನ ಮೇಲೆ ಗೂಬೆ ಕೂರಿಸಬೇಡಿ," ಎಂದ. ಆಮೇಲೆ ಸ್ವಲ್ಪ ತಗ್ಗಿ, "ಒರೆಸಿದ್ದು ಸತ್ಯ. ಹಿಂದುಗಡೆ ಮೋಟಾರು ಹಿಡಿದ ಆ ನಾಲ್ಕು ಕಡ್ಡಿ, ಸ್ಟಿಕ್ಕರು ಕಾಣುತ್ತಿತ್ತು. ಹಬ್ಬದ ದಿನ ಅದೇನು ಅಂದ? ರೆಕ್ಕೆ ಕಾಣಲಿ ಎಂದು ತಿರುಗಿಸಿ ಕೂರಿಸಿದೆ," ಎಂದ.

"ಕಡ್ಡಿ ಇರುವ ಮುಖದಿಂದಲೇ ಗಾಳಿ ಹೊರಡುವುದು!" ನಾಗರಾಜ ಹಣೆ ಬಡಿದುಕೊಂಡ. "ಎಷ್ಟೋ ಫ್ಯಾನುಗಳ ಚೌಕಟ್ಟಿನ ಬದಿಯಲ್ಲಿ ಬಾಣದ ಗುರುತೇ ಇರುತ್ತದೆ."

ಇತ್ತು. ಬಿಚ್ಚಿ ಕೈಗೆ ಕೊಟ್ಟಾಗ ಕಂಡಿತು, ಅಕ್ಕಿಕಾಳಿನಷ್ಟು ಬಾಣ. ಅದರ ಮೇಲೆ ಸುಬ್ಬಣ್ಣನೇ ಇಟ್ಟ ಕುಂಕುಮ.

ರಂಗಿಯನ್ನು ಎತ್ತಿ ಸೋಫಾದ ಮೇಲೆ ಹಾಕಿ, ಫ್ಯಾನನ್ನು ತಿರುಗಿಸಿ ಕೂರಿಸಿ, ಅದೇ ಷಷ್ಟಿಪೂರ್ತಿಯ ವಿಡಿಯೋವನ್ನು ಮತ್ತೊಮ್ಮೆ ಹೊರತೆಗೆಯಲು ಹಾಕಿದೆವು. ಐದು ನಿಮಿಷ, ಹತ್ತು ನಿಮಿಷ. ಗಿರಣಿ ಶುರುವಾಗಲಿಲ್ಲ. ದುಂಬಿ ಮಾತ್ರ ಇತ್ತು, ಅದೂ ದೂರದ ತೋಟದಲ್ಲಿ. ಹಿಂದಿನಿಂದ ಬೆಚ್ಚನೆಯ ಗಾಳಿ ಹೊರಡುತ್ತಿದ್ದುದನ್ನು ನಾಲ್ವರೂ ಸರದಿಯ ಮೇಲೆ ಅಂಗೈ ಒಡ್ಡಿ ನೋಡಿದೆವು, ಮಂಗಳಾರತಿ ತೆಗೆದುಕೊಳ್ಳುವವರಂತೆ.

"ಒಂದು ರೂಪಾಯಿ ಖರ್ಚಿಲ್ಲದೆ ಮುಗಿಯಿತು ನೋಡು," ಎಂದ ಸುಬ್ಬಣ್ಣ, ತಾನೇ ಉಳಿಸಿಕೊಟ್ಟವನಂತೆ.

ರಂಗಿ ಸೋಫಾದಿಂದ ಇಳಿದು ಬಂತು. ಜಿಗಿದು ಕ್ಯಾಬಿನೆಟ್ಟಿನ ನೆತ್ತಿ ಏರಿ, ಒಂದು ಕಾಲು ಊರಿ, ತೆಗೆದು, ಇನ್ನೊಂದು ಊರಿ ನೋಡಿತು. ತಣ್ಣಗಿತ್ತು. ನಮ್ಮೆಲ್ಲರನ್ನೂ ಒಮ್ಮೆ ದುರುಗುಟ್ಟಿ ನೋಡಿ ಕೆಳಗಿಳಿಯಿತು. ಗೋಡೆಗೂ ಕ್ಯಾಬಿನೆಟ್ಟಿಗೂ ನಡುವಿನ ಸಂದಿಯಲ್ಲಿ ನುಸುಳಿ, ಹಿಂದಿನ ಫ್ಯಾನಿಗೆ ಬೆನ್ನು ಒತ್ತಿಕೊಂಡು ಸುತ್ತಿ ಮಲಗಿ ಕಣ್ಣು ಮುಚ್ಚಿತು.

ಗಿರಣಿ ಮೆಲ್ಲಗೆ ಶುರುವಾಯಿತು.